ಚಿಲುಮೆಯೂ ಅರಣ್ಯವೂ



ತುಮಕೂರಿಗೆ ಸುಮಾರು 15 ಕಿಲೋಮೀಟರು ದೂರದಲ್ಲಿ ದೇವರಾಯನದುರ್ಗವೆಂಬ ಗಿರಿಯುಂಟು. ಸಮುದ್ರಮಟ್ಟದಿಂದ 3,900 ಅಡಿಗಳಿಗೂ ಮೇಲ್ಪಟ್ಟ ಈ ಗಿರಿಯನ್ನು ಸುತ್ತುವರಿದ ಕಾಡು ಸರಕಾರದ ರಕ್ಷಣೆಗೊಳಪಟ್ಟುದು. ಚಿರತೆ, ಕರಡಿ, ನವಿಲುಗಳಿಗೆ ಅದೇ ಮನೆ; ವಿರಳವಾದ ಹಳದಿ ಕತ್ತಿನ ಪಿಕಳಾರಕ್ಕೆ ಅಲ್ಲಿಯ ಬಂಡೆಗಳೇ ಆಶ್ರಯ.

ಗಿರಿಯ ತಪ್ಪಲಲ್ಲಿ ನಾಮದ ಚಿಲುಮೆಯಿದೆ. ಶ್ರೀರಾಮನು ಹಣೆಗೆ ನಾಮವಿಡಲು ನೀರು ಕಾಣದೆ ಬಂಡೆಗೆ ಬಾಣವೆಸೆಯಲು ಜಲವುಕ್ಕಿತೆಂದು ಜನರ ನಂಬುಗೆ. ಅನತಿದೂರದ ಸಿದ್ಧಗಂಗೆಯಲ್ಲಿಯೂ ಗೋಸಲ ಸಿದ್ಧೇಶ್ವರರು ಬಾಯಾರಿದವರಿಗಾಗಿ ಬಂಡೆಯಿಂದ ಗಂಗೆಯನ್ನು ಬರಿಸಿದರೆಂದು ಪ್ರತೀತಿ. ಎರಡು ಕಥೆಗಳ ಭಾವವೂ ಒಂದೇ: ಕಲ್ಲಿನಲ್ಲಿ ನೀರು ದೊರೆಯುವುದು ಕರುಣೆಯಿಂದ, ಹಕ್ಕಿನಿಂದಲ್ಲ.

ಆ ಕರುಣೆಯು ಕಾರ್ಯಗೈಯುವ ಬಗೆಯನ್ನು ವಿಚಾರಿಸಬೇಕು. ಮುಂಗಾರಿನ ಮಳೆ ಬೋಳುಬಂಡೆಯ ಮೇಲೆ ಬಿದ್ದರೆ ಕ್ಷಣಾರ್ಧದಲ್ಲಿ ಹರಿದುಹೋಗುವುದು. ಮರಗಳಡಿಯ ತರಗೆಲೆಯ ಹಾಸಿನ ಮೇಲೆ ಬಿದ್ದ ಹನಿಯಾದರೋ ತಡೆದು ನಿಂತು, ಮಣ್ಣಿಗಿಳಿದು, ಬಂಡೆಯ ಬಿರುಕುಗಳಲ್ಲಿ ಮೆಲ್ಲಮೆಲ್ಲನೆ ಸಾಗಿ, ತಪ್ಪಲಲ್ಲಿ ಬಾಯಿ ದೊರೆತಲ್ಲಿ ಚಿಲುಮೆಯಾಗುವುದು. ಮಳೆಗಾಲದಲ್ಲಿ ಪಡೆದುದನ್ನು ಬೇಸಗೆಯಲ್ಲಿ ಹಂಚುವ ಈ ಕಾಯಕವೇ ಅರಣ್ಯದ ದಾಸೋಹ. ಈ ದಾಸೋಹಕ್ಕೆ ಪಂಕ್ತಿಭೇದವಿಲ್ಲ. ಈ ಗಿರಿಶ್ರೇಣಿಯಲ್ಲಿ ಹುಟ್ಟಿದ ಜಯಮಂಗಲಿ ಉತ್ತರ ಪಿನಾಕಿನಿಯನ್ನು ಸೇರುವುದು. ಶಿಂಷೆ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಕೂಡುವುದು.

ಆದರೆ ಬೇಸಗೆಯಲ್ಲಿ ಒಬ್ಬನು ಅಜಾಗರೂಕತೆಯಿಂದ ಎಸೆದ ಬೀಡಿಯ ತುಂಡು, ಹೊಸ ಹುಲ್ಲಿನಾಸೆಗೆ ಇನ್ನೊಬ್ಬನು ಹಚ್ಚಿದ ಕಿಚ್ಚು, ಹಲವು ವರ್ಷಗಳ ತರಗೆಲೆಯ ಹಾಸನ್ನು ಒಂದೇ ಹಗಲಿನಲ್ಲಿ ಬೂದಿಮಾಡಬಲ್ಲದು. ಮುಂದಿನ ಮಳೆಯಲ್ಲಿ ನೀರು ಮಣ್ಣನ್ನೂ ಕೊಚ್ಚಿಕೊಂಡು ಹರಿಯುವುದು. ಕೆಳಗೆ ಬಯಲಿನಲ್ಲಿ ನೂರಾರು ಅಡಿ ಕೊಳವೆಬಾವಿ ಕೊರೆದರೂ, ಮೇಲೆ ಇಂಗದ ನೀರು ಕೆಳಗೆ ದೊರೆಯುವುದೆಂತು? ರಕ್ಷಿತಾರಣ್ಯವೆಂಬ ಫಲಕ ಬೆಂಕಿಯನ್ನು ತಡೆಯದು. ತಡೆಯಬೇಕಾದುದು ಮನುಷ್ಯನ ಕೈ.

ಪಾದೋದಕವನ್ನು ಅಷ್ಟಾವರಣಗಳಲ್ಲಿ ಒಂದೆಂದು ಎಣಿಸಿದ ಸಮಾಜವು ನೀರಿನ ಮೂಲವನ್ನು ಅಲಕ್ಷಿಸುವುದು ಯುಕ್ತವಲ್ಲ. ಗಿರಿಗೆ ಹೋಗುವ ಭಕ್ತರು ಕಾಡಿನೊಳಗೆ ಒಲೆ ಹೂಡದಿರಲಿ. ಪ್ಲಾಸ್ಟಿಕ್ಕಿನ ಕಸವನ್ನು ಒಯ್ದಂತೆಯೇ ಮರಳಿ ತರಲಿ. ಚಿಲುಮೆಯಲ್ಲಿ ಸಾಬೂನನ್ನು ಸೋಕಿಸದಿರಲಿ. ಕಿಚ್ಚು ಕಂಡವರು ಅರಣ್ಯದ ಕಾವಲುಗಾರರಿಗೆ ಕೂಡಲೆ ಸುದ್ದಿ ಮುಟ್ಟಿಸಲಿ. ಇವು ಅಲ್ಪ ನಿಯಮಗಳು, ಪಾಲಿಸಿದರೆ ಮಹಾಫಲ. ತೀರ್ಥವನ್ನು ತಲೆಗೆ ತಳೆಯುವ ಮೊದಲು ಅದರ ಬೇರನ್ನು ಕಾಯುವುದೇ ಭಕ್ತಿಯ ಮೊದಲ ಮೆಟ್ಟಿಲು.