‘ವೇಸ್ಟ್’ ಎಂಬ ಒಂದು ಪದ, ನೆಲಕ್ಕಿರುವ ಹಲವು ಹೆಸರು



ಇಂಗ್ಲಿಷಿನ ‘ವೇಸ್ಟ್’ ಎಂಬ ಪದ ಇಂದು ಕನ್ನಡದ್ದೇ ಎನ್ನುವಷ್ಟು ಬಳಕೆಯಲ್ಲಿದೆ. ಉಳಿದ ಅನ್ನ ವೇಸ್ಟ್, ಕಳೆದ ಹೊತ್ತು ವೇಸ್ಟ್, ಮೋರಿಯ ನೀರು ವೇಸ್ಟ್. ಊರಾಚೆಯ ಕುರುಚಲು ನೆಲವೂ ವೇಸ್ಟ್. ಕನ್ನಡವಾದರೋ ಒಂದೊಂದಕ್ಕೆ ಒಂದೊಂದು ಮಾತನ್ನು ಇಟ್ಟುಕೊಂಡಿದೆ. ನೀರು ಪೋಲಾಗುತ್ತದೆ, ಹಣ ದುಂದಾಗುತ್ತದೆ, ಶ್ರಮ ವ್ಯರ್ಥವಾಗುತ್ತದೆ, ಬೆಳೆ ಹಾಳಾಗುತ್ತದೆ, ರೋಗದಿಂದ ದೇಹ ಸೊರಗುತ್ತದೆ, ಹಳೆಯ ಕಾಗದ ರದ್ದಿಯಾಗುತ್ತದೆ, ಮನೆಯ ಕಸ ತಿಪ್ಪೆ ಸೇರಿ ಗೊಬ್ಬರವಾಗುತ್ತದೆ. ಇಷ್ಟನ್ನೂ ಇಂಗ್ಲಿಷು ಒಂದೇ ಪದದಲ್ಲಿ ಹೇಳಿಬಿಡಬಲ್ಲದು. ನಿಘಂಟಿನೊಳಗೆ ಇದರಿಂದ ಯಾರಿಗೂ ಬಾಧೆಯಿಲ್ಲ. ಆದರೆ ಅದೇ ಪದ ಭೂಮಿಯ ದಾಖಲೆಯನ್ನು ಹೊಕ್ಕಾಗ ಏನಾಗುತ್ತದೆ ಎಂಬುದಕ್ಕೆ ಹಾವೇರಿ ಸೀಮೆಯ ಚರಿತ್ರೆ ಸಾಕ್ಷಿಯಾಗಿದೆ.

ಈ ಪದದ ಮೂಲ ಲ್ಯಾಟಿನ್ನಿನ ‘ವಾಸ್ಟಸ್’. ಬರಿದಾದದ್ದು, ಶೂನ್ಯವಾದದ್ದು ಎಂದು ಅದರ ಅರ್ಥ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಉಳುಮೆಗೆ ಒಳಪಡದೆ ಉಳಿದ ನೆಲಕ್ಕೆ ‘ವೇಸ್ಟ್’ ಎನ್ನುತ್ತಿದ್ದರು. ಹಾಗೆಂದು ಅದು ಯಾರಿಗೂ ಬೇಡವಾದ ನೆಲವಾಗಿರಲಿಲ್ಲ. ಹಳ್ಳಿಗರು ಅಲ್ಲಿ ದನ ಮೇಯಿಸುತ್ತಿದ್ದರು, ಸೌದೆ ತರುತ್ತಿದ್ದರು. ಅದು ಅವರ ರೂಢಿಯ ಹಕ್ಕು. 1235ರ ಮರ್ಟನ್ ಶಾಸನವು ಜಮೀನುದಾರರಿಗೆ ಅಂಥ ನೆಲಕ್ಕೆ ಬೇಲಿ ಹಾಕಿಕೊಳ್ಳಲು ಅವಕಾಶ ಕೊಟ್ಟಾಗಲೂ ಒಕ್ಕಲುಗಳಿಗೆ ಸಾಕಷ್ಟು ಹುಲ್ಲುಗಾವಲು ಬಿಡಬೇಕೆಂದು ವಿಧಿಸಿತ್ತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಜಾನ್ ಲಾಕ್ ಎಂಬ ತತ್ವಜ್ಞಾನಿ, ಮನುಷ್ಯನ ದುಡಿಮೆ ಸೋಕದೆ ಪ್ರಕೃತಿಗೆ ಬಿಟ್ಟ ನೆಲವೆಲ್ಲ ವ್ಯರ್ಥವೆಂಬ ವಾದವನ್ನು ಮಂಡಿಸಿದನು. ಭಾರತಕ್ಕೆ ಬಂದ ಇಂಗ್ಲಿಷ್ ಆಡಳಿತದ ಲೆಕ್ಕದಲ್ಲಿ ಕಂದಾಯ ಕೊಡದ ನೆಲವೇ ‘ವೇಸ್ಟ್’ ಆಯಿತು. 1861ರಲ್ಲಿ ಕ್ಯಾನಿಂಗನ ಸರ್ಕಾರ ಅಂಥ ಭೂಮಿಯನ್ನು ಮಾರುವ ನಿಯಮಗಳನ್ನೇ ರೂಪಿಸಿತು. ಹಸುವಿಗೆ ಮೇವು ಕೊಟ್ಟ ನೆಲ ಖಜಾನೆಗೆ ಹಣ ಕೊಡಲಿಲ್ಲ. ಆದ್ದರಿಂದ ಕಡತದಲ್ಲಿ ಅದು ಬರಿದಾಯಿತು.

ಇಂದಿನ ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರೆಯಾಯಿತು. 1956ರವರೆಗೆ ಈ ಪ್ರದೇಶ ಮುಂಬಯಿ ಆಡಳಿತಕ್ಕೆ ಸೇರಿದ್ದ ಕಾರಣ ಪಹಣಿಗೆ ಇಲ್ಲಿನ ರೈತರು ಈಗಲೂ ‘ಉತಾರ’ ಎನ್ನುತ್ತಾರೆ. ಆ ಉತಾರದಲ್ಲಿ ‘ಖರಾಬು’ ಎಂಬ ಅಂಕಣವಿದೆ. ಕೆಟ್ಟದ್ದು, ಹಾಳಾದದ್ದು ಎಂಬ ಅರ್ಥದ ಈ ಪದ ಅರಬ್ಬಿಯಿಂದ ಬಂದುದು. ಸಾಗುವಳಿಗೆ ಒದಗದ ಭಾಗ ‘ಅ’ ಖರಾಬು. ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ಭಾಗ ‘ಬ’ ಖರಾಬು. ಊರು ನಡೆದಾಡುವ ದಾರಿ, ದನಗಳು ನೀರು ಕುಡಿಯುವ ಹಳ್ಳ, ಹಿರಿಯರು ಮಣ್ಣಾದ ಜಾಗ, ಎಲ್ಲವೂ ಕಾಗದದ ಮೇಲೆ ಖರಾಬು!

ರೈತನ ನಾಲಗೆಯ ಮೇಲೆ ಇದೇ ನೆಲಕ್ಕೆ ಬೇರೆಯೇ ಹೆಸರುಗಳಿವೆ. ಕಪ್ಪುಮಣ್ಣು ಎರೆ, ಕೆಂಪು ನೆಲ ಮಸಾರಿ, ಕಲ್ಲುಗೂಡಿದ ದಿಬ್ಬ ಮಡ್ಡಿ, ಊರ ದನಗಳ ನೆಲ ಗಾಯರಾಣ, ಬಿತ್ತದೆ ಬಿಟ್ಟದ್ದು ಬೀಳು. ಬೀಳುಬಿಡುವುದೆಂದರೆ ಭೂಮಿಗೆ ವಿಶ್ರಾಂತಿ ಕೊಡುವುದು. ಹುಲ್ಲಿನ ಬೇರು ಮಣ್ಣಿನ ಕಣಗಳನ್ನು ಹಿಡಿದಿಡುತ್ತದೆ, ದ್ವಿದಳ ಜಾತಿಯ ಕಳೆಗಳು ಸಾರಜನಕ ಕೂಡಿಸುತ್ತವೆ, ಮೇಯುವ ದನ ಸಗಣಿ ಬಿಟ್ಟುಹೋಗುತ್ತದೆ. ಮಲೆನಾಡಿನವರ ಸೊಪ್ಪಿನಬೆಟ್ಟ, ಬ್ಯಾಣ, ಕಾನು ಎಂಬ ಮಾತುಗಳೂ ಇದೇ ಬಗೆಯವು. ಆ ನೆಲ ಏನು ಕೊಡುತ್ತದೆ, ಹೇಗಿದೆ ಎಂಬುದನ್ನು ಹೆಸರೇ ಹೇಳುತ್ತದೆ. ನಿಜವಾಗಿ ಕೆಟ್ಟ ನೆಲವೂ ಉಂಟು. ಮೇಲ್ಮಣ್ಣು ಕೊಚ್ಚಿಹೋದ ಕೊರಕಲಿಗೆ ಒಡ್ಡು ಬೇಕು, ಸವಳು ಹತ್ತಿದ ಹೊಲಕ್ಕೆ ಬಸಿಗಾಲುವೆ ಬೇಕು. ರೋಗ ಬೇರೆಯಾದರೆ ಮದ್ದೂ ಬೇರೆ. ಎಲ್ಲಕ್ಕೂ ‘ವೇಸ್ಟ್’ ಎಂದುಬಿಟ್ಟರೆ ರೋಗಿಯೂ ಆರೋಗ್ಯವಂತನೂ ಒಂದೇ ಪಟ್ಟಿಗೆ ಸೇರುತ್ತಾರೆ.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನು ನೋಡಿ. 1974ರಲ್ಲಿ ಘೋಷಿತವಾದ ಇದರ ವಿಸ್ತಾರ 119 ಚದರ ಕಿಲೋಮೀಟರ್. ಕೃಷ್ಣಮೃಗಕ್ಕೆ ದೂರದವರೆಗೆ ಕಣ್ಣು ಹಾಯುವ ಬಯಲು ಬೇಕು. ಅದರ ರಕ್ಷಣೆಯೆಲ್ಲ ನೋಟ ಮತ್ತು ಓಟದಲ್ಲಿದೆ. ಎರೆಭೂತವೆಂದು ಕರೆಯಲಾಗುವ ದೊಡ್ಡ ಹಕ್ಕಿ ಬಯಲು ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಮರವಿಲ್ಲದ ನೆಲ ದಂಡದ ನೆಲವೆಂಬ ತಿಳಿವಳಿಕೆಯಿಂದ ಈ ಕುರುಚಲು ಹುಲ್ಲುಗಾವಲಿನ ಬಹುಭಾಗಕ್ಕೆ ನೀಲಗಿರಿ ನೆಡಲಾಯಿತು. ಕೃಷ್ಣಮೃಗ ಉಳಿದುಕೊಂಡಿತು, ಮೇವಿಗಾಗಿ ರೈತರ ಹೊಲಕ್ಕೂ ಇಳಿಯಿತು. ಒಂದು ಕಾಲಕ್ಕೆ ಇಲ್ಲಿ ಹೆಸರಾಗಿದ್ದ ಎರೆಭೂತ ಮರೆಯಾಯಿತು.

ಪದದ ಬಲ ಇನ್ನೂ ಸ್ಪಷ್ಟವಾಗಿ ಕಂಡದ್ದು 1984ರಲ್ಲಿ. ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಸ್ಥಾಪಿಸಿದವು. ‘ಸಿ’ ಮತ್ತು ‘ಡಿ’ ದರ್ಜೆಯೆಂದು ಗುರುತಿಸಿದ ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಬೆಳೆಸುವುದು ಯೋಜನೆ. ದರ್ಜೆಯ ಅಕ್ಷರ ಕೀಳಾಗಿದ್ದುದರಿಂದ ಆ ನೆಲವನ್ನು ಕೇಳುವವರಿಲ್ಲವೆಂದು ಭಾವಿಸಲಾಗಿತ್ತು. ಕೇಳುವವರು ಇದ್ದರು. ಸಮಾಜ ಪರಿವರ್ತನ ಸಮುದಾಯದೊಡನೆ ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಮರಗಳ ಸಸಿ ನೆಟ್ಟರು. ‘ಕಿತ್ತಿಕೊ-ಹಚ್ಚಿಕೊ’ ಎಂದು ಹೆಸರಾದ ಸತ್ಯಾಗ್ರಹ ಅದು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು.

ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಅದೇ 1980ರ ದಶಕದಲ್ಲಿ ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದ ಆ ಕಾರ್ಖಾನೆ ತುಂಗಭದ್ರೆಗೆ ಬಿಡುತ್ತಿದ್ದ ತ್ಯಾಜ್ಯನೀರಿನ ವಿರುದ್ಧ ನದಿದಂಡೆಯ ಊರುಗಳು ದನಿಯೆತ್ತಿದ್ದವು. ಮೇವು ಕೊಡುವ ನೆಲಕ್ಕೂ ವೇಸ್ಟ್ ಎಂದೇ ಹೆಸರು, ನದಿಗೆ ಹರಿದ ಹೊಲಸಿಗೂ ವೇಸ್ಟ್ ಎಂದೇ ಹೆಸರು. ಒಂದನ್ನು ಊರಿನಿಂದ ಕೊಂಡೊಯ್ಯಲು, ಇನ್ನೊಂದನ್ನು ಊರಿಗೇ ಬಿಡಲು ಒಂದೇ ಪದ ಸಾಕಾಯಿತು.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಈ ವಿಷಯದಲ್ಲಿ ಕಂದಾಯ ದಾಖಲೆಗಿಂತ ಜಾಣ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅಲ್ಲಿ ಕಡ್ಡಿ ಬೇರೆ, ಡಬ್ಬಿ ಬೇರೆ. ಬಣ್ಣ ಬಿಟ್ಟ ಕಾಯಿಗೂ ಅದರದೇ ರಾಶಿ, ಅದರದೇ ದರ. ಹೆಂಗಸರು ಕುಳಿತು ತೊಟ್ಟು ಬಿಡಿಸಿದ ಕಾಯಿಗೆ ಇನ್ನೊಂದು ಬೆಲೆ. ಕೈಯಲ್ಲಿ ಹಿಡಿದು ನೋಡುವವನು ಯಾವ ಕಾಯನ್ನೂ ಸುಮ್ಮನೆ ‘ವೇಸ್ಟ್’ ಎನ್ನುವುದಿಲ್ಲ. ಒಂದು ಚೀಲ ಕಾಯಿಗೆ ಸಲ್ಲುವ ಇಷ್ಟು ವಿವೇಚನೆ ಒಂದು ಊರಿನ ನೆಲಕ್ಕೆ ಸಲ್ಲಬೇಡವೇ?

ಮಲೆನಾಡಿನವರಿಗೆ ಇದು ಬಯಲುಸೀಮೆಯ ಕಥೆಯೆನಿಸಬಾರದು. ಸಾಗರ ತಾಲೂಕಿನಲ್ಲಿ ಹುಟ್ಟುವ ವರದೆ ಹಾವೇರಿ ಸೀಮೆಯನ್ನು ದಾಟಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತಾಳೆ. ಮೇಲಿನ ಬ್ಯಾಣ ಬೋಳಾದರೆ ಕೆಳಗಿನ ಹೊಳೆಗೆ ಹೂಳು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಊರಿನ ಸಾರ್ವಜನಿಕ ನೆಲದ ಒಂದೊಂದು ತುಂಡಿನ ಹೆಸರನ್ನು ಹಿರಿಯರಿಂದ ಕೇಳಿ ಬರೆದಿಡಿ. ಯಾವ ತಿಂಗಳು ಅಲ್ಲಿ ಯಾರ ದನ ಮೇಯುತ್ತದೆ, ಯಾವ ಸೊಪ್ಪು, ಯಾವ ಮದ್ದಿನ ಬೇರು ಸಿಗುತ್ತದೆ ಎಂಬುದನ್ನೂ ಜೊತೆಗೆ ಬರೆಯಿರಿ. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಸಿದ್ಧಪಡಿಸುವ ಜನತಾ ದಾಖಲಾತಿಯಲ್ಲಿ ಅದನ್ನು ಸೇರಿಸಲು ಕೇಳಿ, ಗ್ರಾಮಸಭೆಯಲ್ಲಿ ಓದಿಸಿ. ನಾಳೆ ಯಾರಾದರೂ ನಕಾಶೆ ಹಿಡಿದು ಬಂದು ಇದು ವೇಸ್ಟ್ ಭೂಮಿ ಎಂದರೆ, ಯಾರಿಗೆ ವೇಸ್ಟ್, ಯಾವ ತಿಂಗಳಲ್ಲಿ ವೇಸ್ಟ್ ಎಂದು ಕೇಳಲು ಊರಿನ ಕೈಯಲ್ಲಿ ಒಂದು ಕಾಗದವಿರಲಿ.