ತಿರುಗುಬಾಗಿಲು: ದಾಭೋಲ್ ನಮಗೆ ಬಿಟ್ಟುಹೋದ ಪ್ರಶ್ನೆ

(ಸಂಘದ ವಿಚಾರ ವೇದಿಕೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಈ ವೇದಿಕೆಯಲ್ಲಿ ಸಾಮಾನ್ಯವಾಗಿ ವಚನ ಸಾಹಿತ್ಯ, ಗಡಿ ಪ್ರಶ್ನೆ, ಹೊರನಾಡಿನ ಮಕ್ಕಳ ಕನ್ನಡ ಕಲಿಕೆ ಮೊದಲಾದ ವಿಷಯಗಳು ಚರ್ಚೆಗೆ ಬರುತ್ತವೆ. ನಾನು ಇಂದು ಎತ್ತಿಕೊಂಡಿರುವುದು ಅವುಗಳಷ್ಟು ಹೃದಯಂಗಮವಾದ ವಿಷಯವಲ್ಲ. ಸರ್ಕಾರದ ಉನ್ನತ ಹುದ್ದೆಯಿಂದ ದೊಡ್ಡ ಕಂಪನಿಯ ಹುದ್ದೆಗೆ, ಅಲ್ಲಿಂದ ಮತ್ತೆ ಸರ್ಕಾರಕ್ಕೆ, ಯಾವ ಅಡೆತಡೆಯೂ ಇಲ್ಲದೆ ಹೋಗಿಬರುವ ಒಂದು ದಾರಿಯಿದೆ. ಪಂಚತಾರಾ ಹೋಟೆಲುಗಳ ಮುಂಭಾಗದಲ್ಲಿರುವ ಗಾಜಿನ ತಿರುಗುಬಾಗಿಲಿಗೆ ಅದನ್ನು ಹೋಲಿಸುತ್ತಾರೆ. ಆ ಬಾಗಿಲು ತಿರುಗುವುದನ್ನು ಮಹಾರಾಷ್ಟ್ರದಲ್ಲಿ ನೆಲೆಸಿರುವ ನಾವು ಹತ್ತಿರದಿಂದಲೇ ಕಂಡಿದ್ದೇವೆ. ಅದರ ವೆಚ್ಚವನ್ನೂ ತೆತ್ತಿದ್ದೇವೆ.

ದಾಭೋಲ್ ವಿದ್ಯುತ್ ಯೋಜನೆಯ ಕಥೆ ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಕಿರಿಯರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಅಮೆರಿಕದ ಎನ್ರಾನ್ ಕಂಪನಿಯು 1992ರ ಜೂನ್ ತಿಂಗಳಲ್ಲಿ ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿಯೊಡನೆ ಪ್ರಾಥಮಿಕ ಒಡಂಬಡಿಕೆ ಮಾಡಿಕೊಂಡಿತು. ರತ್ನಾಗಿರಿ ಜಿಲ್ಲೆಯ ಗುಹಾಗರ ತಾಲ್ಲೂಕಿನ ಕಡಲತೀರದಲ್ಲಿ ಎರಡು ಸಾವಿರ ಮೆಗಾವಾಟ್‌ಗೂ ಮಿಕ್ಕ ಸ್ಥಾವರವನ್ನು ಕಟ್ಟುವ ಯೋಜನೆ ಅದು. ಸ್ಪರ್ಧಾತ್ಮಕ ಟೆಂಡರು ಕರೆಯಲಿಲ್ಲ. ಇದು ಆರ್ಥಿಕವಾಗಿ ಸಾಧುವಲ್ಲವೆಂದು 1993ರಲ್ಲಿ ವಿಶ್ವಬ್ಯಾಂಕೇ ಹೇಳಿ ಸಾಲ ನಿರಾಕರಿಸಿತು. ಆದರೂ ಅದೇ ವರ್ಷದ ಡಿಸೆಂಬರಿನಲ್ಲಿ ವಿದ್ಯುತ್ ಖರೀದಿ ಒಪ್ಪಂದಕ್ಕೆ ಸಹಿ ಬಿತ್ತು. ಅದರ ಬೆನ್ನಿಗೆ ಕೇಂದ್ರ ಸರ್ಕಾರದ ಪ್ರತಿ-ಖಾತರಿಯೂ ಬಂದಿತು. 1995ರ ಆಗಸ್ಟಿನಲ್ಲಿ ಹೊಸ ರಾಜ್ಯ ಸರ್ಕಾರ ಯೋಜನೆಯನ್ನು ರದ್ದುಪಡಿಸಿತು. 1996ರಲ್ಲಿ ಅದೇ ಸರ್ಕಾರ ಅದಕ್ಕೆ ಮರುಜೀವ ನೀಡಿತು. 1999ರ ಮೇ ತಿಂಗಳಲ್ಲಿ ಉತ್ಪಾದನೆ ಆರಂಭವಾಯಿತು. ಎರಡು ವರ್ಷ ತುಂಬುವಷ್ಟರಲ್ಲಿ ಮಂಡಳಿ ಖರೀದಿಯನ್ನು ನಿಲ್ಲಿಸಿತು. 2001ರ ಡಿಸೆಂಬರ್ 2ರಂದು ಎನ್ರಾನ್ ಕಂಪನಿಯೇ ದಿವಾಳಿಯಾಯಿತು.

ಒಪ್ಪಂದದ ಮರ್ಮವಿದ್ದದ್ದು ದರದ ರಚನೆಯಲ್ಲಿ. ಮಂಡಳಿ ವಿದ್ಯುತ್ತನ್ನು ಪಡೆಯಲಿ ಬಿಡಲಿ, ಸ್ಥಾವರ ಸಿದ್ಧವಾಗಿ ನಿಂತಿದ್ದರೆ ಸಾಕು, ಸ್ಥಿರವೆಚ್ಚವನ್ನು ಕಟ್ಟಲೇಬೇಕು. ಆ ವೆಚ್ಚದ ಬಹುಭಾಗ ಡಾಲರಿಗೆ ಗಂಟುಬಿದ್ದಿತ್ತು. ರೂಪಾಯಿ ಇಳಿದರೆ ನಷ್ಟ ಮಂಡಳಿಗೆ, ನಾಫ್ತಾ ಬೆಲೆ ಏರಿದರೂ ನಷ್ಟ ಮಂಡಳಿಗೆ. ಕಡಿಮೆ ಕೊಂಡಷ್ಟೂ ಯೂನಿಟ್ಟಿನ ಬೆಲೆ ಏರುತ್ತಿತ್ತು. 2000ರ ಸುಮಾರಿಗೆ ಅದು ಏಳು ರೂಪಾಯಿ ದಾಟಿದ ತಿಂಗಳುಗಳೂ ಇದ್ದವು. ಈ ಲೆಕ್ಕವನ್ನು ಸರ್ಕಾರಕ್ಕಿಂತ ಮೊದಲೇ ಮಾಡಿ ತೋರಿಸಿದವರಲ್ಲಿ ನಮ್ಮ ಪುಣೆಯ ‘ಪ್ರಯಾಸ್’ ಸಂಸ್ಥೆಯ ತರುಣರೂ ಇದ್ದರೆಂಬುದನ್ನು ಇಲ್ಲಿ ನೆನೆಯಬೇಕು. ನಮ್ಮ ಕರಾವಳಿಯವರಿಗೆ ಮತ್ತೊಂದು ನೆನಪು ಬಂದೀತು. ಕೇಂದ್ರವು ‘ತ್ವರಿತ ಮಾರ್ಗ’ವೆಂದು ಆರಿಸಿದ ಎಂಟು ಖಾಸಗಿ ವಿದ್ಯುತ್ ಯೋಜನೆಗಳಲ್ಲಿ ಮಂಗಳೂರಿನ ಕೊಜೆಂಟ್ರಿಕ್ಸ್ ಯೋಜನೆಯೂ ಒಂದು. ವಿವಾದ, ವ್ಯಾಜ್ಯಗಳಲ್ಲಿ ವರ್ಷಗಳನ್ನು ಕಳೆದು ಆ ಕಂಪನಿ 1999ರ ಡಿಸೆಂಬರಿನಲ್ಲಿ ಕೈತೊಳೆದುಕೊಂಡು ಹೊರಟಿತು.

ಇಂಥ ಒಪ್ಪಂದವೊಂದು ಇಷ್ಟು ವೇಗವಾಗಿ, ಇಷ್ಟು ಕೈಗಳನ್ನು ದಾಟಿ ಬಂದದ್ದು ಹೇಗೆ? ಲಂಚ ಎಂದು ಉತ್ತರಿಸಿ ಸುಮ್ಮನಾಗುವುದು ನಮ್ಮ ರೂಢಿ. ನಾನು ಬೇರೊಂದು ಕಡೆಗೆ ತಮ್ಮ ಗಮನವನ್ನು ಸೆಳೆಯಬಯಸುತ್ತೇನೆ. ಎನ್ರಾನಿನ ಮೇಜಿನ ಸುತ್ತ ಯಾರು ಯಾರು ಕುಳಿತಿದ್ದರು ಎಂಬುದನ್ನು ನೋಡೋಣ.

ಜೇಮ್ಸ್ ಬೇಕರ್ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದವರು. ರಾಬರ್ಟ್ ಮಾಸ್‌ಬಾಕರ್ ವಾಣಿಜ್ಯ ಕಾರ್ಯದರ್ಶಿಯಾಗಿದ್ದವರು. ಹಿರಿಯ ಬುಷ್ ಅವರ ಸರ್ಕಾರ 1993ರ ಜನವರಿಯಲ್ಲಿ ಇಳಿಯಿತು. ಫೆಬ್ರವರಿಯಲ್ಲಿ ಇಬ್ಬರೂ ಎನ್ರಾನಿನ ಸಲಹೆಗಾರರಾದರು. ವೆಂಡಿ ಗ್ರಾಮ್ ಎಂಬಾಕೆ ಸರಕುಗಳ ವಾಯಿದಾ ವ್ಯಾಪಾರವನ್ನು ನಿಯಂತ್ರಿಸುವ ಅಮೆರಿಕದ ಆಯೋಗದ ಅಧ್ಯಕ್ಷೆ. ಇಂಧನದ ಕೆಲವು ಬಗೆಯ ವಾಯಿದಾ ಒಪ್ಪಂದಗಳನ್ನು ಆಯೋಗದ ಹಿಡಿತದಿಂದ ಹೊರಗಿಡುವ ನಿಯಮ ಅವರ ಅಧಿಕಾರದ ಕಡೆಯ ದಿನಗಳಲ್ಲಿ, 1993ರ ಜನವರಿಯಲ್ಲಿ, ಅಂಗೀಕೃತವಾಯಿತು. ಎನ್ರಾನಿನಂಥ ಕಂಪನಿಗಳು ಬೇಡಿದ್ದ ವಿನಾಯಿತಿ ಅದು. ಕುರ್ಚಿ ಬಿಟ್ಟ ಐದು ವಾರಗಳಲ್ಲಿ ಅವರು ಎನ್ರಾನಿನ ನಿರ್ದೇಶಕ ಮಂಡಳಿಗೆ ಸೇರಿದರು.

ಈಗ ನಮ್ಮ ಅಂಗಳಕ್ಕೆ ಬರೋಣ. ಫ್ರಾಂಕ್ ವಿಸ್ನರ್ 1994ರಿಂದ 1997ರ ವರೆಗೆ ಭಾರತದಲ್ಲಿ ಅಮೆರಿಕದ ರಾಯಭಾರಿ. ದಾಭೋಲ್ ಒಪ್ಪಂದ ರದ್ದಾಗಿ ಮತ್ತೆ ಚಿಗುರಿದ ಇಡೀ ಕಾಲ ಅವರು ದೆಹಲಿಯಲ್ಲಿದ್ದರು. ತಮ್ಮ ದೇಶದ ಉದ್ಯಮದ ಪರವಾಗಿ ಮಾತನಾಡುವುದು ರಾಯಭಾರಿಯ ಕರ್ತವ್ಯವೇ. ಅವರು ಅದನ್ನು ಮಾಡಿದರು. ಹುದ್ದೆ ಬಿಟ್ಟ ಅದೇ ವರ್ಷ, 1997ರ ಅಕ್ಟೋಬರಿನಲ್ಲಿ, ಅವರು ‘ಎನ್ರಾನ್ ಆಯಿಲ್ ಅಂಡ್ ಗ್ಯಾಸ್’ ಕಂಪನಿಯ ನಿರ್ದೇಶಕರಾದರು. ದಾಭೋಲ್ ನಡೆಸುತ್ತಿದ್ದ ಶಾಖೆಯಲ್ಲ ಅದು, ಅದೇ ಮನೆತನದ ಇನ್ನೊಂದು ಶಾಖೆ. ಆದರೆ ಮುಂಬಯಿಯ ಕಡಲಾಚೆಯ ಪನ್ನಾ-ಮುಕ್ತಾ, ತಾಪ್ತಿ ತೈಲ ಮತ್ತು ಅನಿಲ ಕ್ಷೇತ್ರಗಳಲ್ಲಿ ಅದಕ್ಕೆ ಪಾಲಿತ್ತು. ಇದರಲ್ಲಿ ಕಾನೂನುಭಂಗವೇನೂ ಇಲ್ಲ. ಇಲ್ಲವೆಂಬುದೇ ನನ್ನ ಆತಂಕ.

ಇನ್ನೊಂದು ಪ್ರಸಂಗ. ಲಿಂಡಾ ಪವರ್ಸ್ ಎನ್ರಾನಿನ ಉಪಾಧ್ಯಕ್ಷೆ; ಅದಕ್ಕೆ ಮುನ್ನ ಅಮೆರಿಕದ ವಾಣಿಜ್ಯ ಇಲಾಖೆಯಲ್ಲಿ ಹಿರಿಯ ಅಧಿಕಾರಿ. ಯೋಜನೆಯ ವೆಚ್ಚವನ್ನು ಬಿಟ್ಟು, ಭಾರತದಲ್ಲಿ ‘ಶಿಕ್ಷಣ’ಕ್ಕೆ ಮತ್ತು ಯೋಜನೆಯನ್ನು ರೂಪಿಸುವುದಕ್ಕೆ ಕಂಪನಿ ಸುಮಾರು 2 ಕೋಟಿ ಡಾಲರು ಖರ್ಚು ಮಾಡಿತೆಂದು ಅವರು 1995ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹೇಳಿದರು. ಅಂದಿನ ಲೆಕ್ಕದಲ್ಲಿ ಅರವತ್ತು ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತ. ಅದು ಲಂಚವಲ್ಲವೆಂದು ಕಂಪನಿ ಹೇಳಿತು. ವಾದಕ್ಕಾಗಿ ಒಪ್ಪೋಣ. ಆದರೆ ನಮ್ಮ ದೇಶದಲ್ಲಿ ನಮ್ಮವರಿಗೆ ಕಲಿಸಿದ ಪಾಠದ ಶುಲ್ಕವೆಷ್ಟೆಂಬುದು ನಮಗೆ ವಾಷಿಂಗ್ಟನ್ನಿನಿಂದ ತಿಳಿದುಬರಬೇಕಾಯಿತು!

ಇದು ಒಮ್ಮೆ ನಡೆದು ಮುಗಿದ ಸಂಗತಿಯೂ ಅಲ್ಲ. ವಾಲ್‌ಮಾರ್ಟ್ ಕಂಪನಿ ಭಾರತದ ಮಾರುಕಟ್ಟೆಯ ಪ್ರವೇಶವೂ ಸೇರಿದಂತೆ ಹಲವು ವಿಷಯಗಳಿಗಾಗಿ ಅಮೆರಿಕದಲ್ಲಿ ಲಾಬಿ ನಡೆಸಿದ ವೆಚ್ಚ 2012ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದಾಗ ನಮ್ಮ ಸಂಸತ್ತಿನಲ್ಲಿ ಕೋಲಾಹಲವಾಯಿತು. ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ವಿಚಾರಣಾ ಸಮಿತಿ ನೇಮಕವಾಯಿತು; ಅದಕ್ಕೆ ಖಚಿತ ತೀರ್ಮಾನಕ್ಕೆ ಬರಲಾಗಲಿಲ್ಲ. ಆ ಅಂಕಿ ಸಿಕ್ಕಿದ್ದಾದರೂ ಎಲ್ಲಿಂದ? ಲಾಬಿ ಮಾಡುವವರು ಹೆಸರು ನೋಂದಾಯಿಸಿ ಲೆಕ್ಕ ಒಪ್ಪಿಸಬೇಕೆಂಬ 1995ರ ಕಾನೂನೊಂದು ಅಮೆರಿಕದಲ್ಲಿದೆ. ನಮ್ಮಲ್ಲಿ ಅಂಥದಿಲ್ಲ. 2013ರಲ್ಲಿ ಲೋಕಸಭೆಯ ಸದಸ್ಯರೊಬ್ಬರು ಖಾಸಗಿ ಮಸೂದೆಯೊಂದನ್ನು ತಂದರು. ಖಾಸಗಿ ಮಸೂದೆಗಳ ಗತಿ ತಮಗೆ ಗೊತ್ತೇ ಇದೆ.

ಇಲ್ಲಿ ಒಂದು ಸ್ವಂತ ಅನುಭವವನ್ನು ಹೇಳಲು ಅಪ್ಪಣೆ ಬೇಡುತ್ತೇನೆ. ನಾನು ಲೆಕ್ಕಪತ್ರದವನು. ನಾನು ಬಹುಕಾಲ ದುಡಿದ ಕಂಪನಿಯ ಹೆಸರು ಇಲ್ಲಿ ಅಪ್ರಸ್ತುತ. ಅಲ್ಲಿಗೆ ಸರ್ಕಾರದಿಂದ ನಿವೃತ್ತರಾದ ಹಿರಿಯ ಅಧಿಕಾರಿಯೊಬ್ಬರು ಸಲಹೆಗಾರರಾಗಿ ಬಂದರು. ಒಂದು ಕೋಣೆ, ಒಂದು ಕಾರು, ತಿಂಗಳಿಗೊಂದು ದೊಡ್ಡ ಮೊತ್ತದ ವೋಚರು; ಆ ವೋಚರು ನನ್ನ ಮೇಜನ್ನು ಹಾದೇ ಹೋಗುತ್ತಿತ್ತು. ಸಜ್ಜನರು, ಓದಿಕೊಂಡವರು, ಸೇವೆಯಲ್ಲಿದ್ದಾಗ ಯಾರಿಂದಲೂ ಒಂದು ಪೈಸೆ ಮುಟ್ಟಿದವರಲ್ಲ. ಅವರ ಕೆಲಸವೆಂದರೆ ವಾರಕ್ಕೆ ಎರಡೋ ಮೂರೋ ಫೋನು. ಅವರ ಕೈಕೆಳಗೆ ಪಳಗಿದವರೇ ಈಗ ಆ ಇಲಾಖೆಯ ಮೇಜುಗಳಲ್ಲಿದ್ದರು. ತಿಂಗಳುಗಟ್ಟಲೆ ಕದಲದಿದ್ದ ಕಡತ ಸಾಹೇಬರ ದನಿ ಕೇಳಿದೊಡನೆ ಕದಲುತ್ತಿತ್ತು. ಆಗಾಗ ಆ ಕಿರಿಯ ಅಧಿಕಾರಿಗಳು ಅವರನ್ನು ಕಾಣಲು ಬರುತ್ತಿದ್ದರು. ಆ ಕೋಣೆಯನ್ನು, ಕಾರನ್ನು ಅವರು ನೋಡುತ್ತಿದ್ದ ರೀತಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ತಮ್ಮ ನಿವೃತ್ತಿಗೆ ಇನ್ನೆಷ್ಟು ವರ್ಷ ಎಂದು ಅವರು ಲೆಕ್ಕ ಹಾಕುತ್ತಿದ್ದರೆಂದೇ ನನ್ನ ಭಾವನೆ. ಕಂಪನಿ ಹಳೆಯ ಅಧಿಕಾರಿಗೆ ಕೊಡುತ್ತಿದ್ದ ಸಂಬಳದಲ್ಲಿ ಹೊಸ ಅಧಿಕಾರಿಗಳಿಗೆ ತೋರಿಸುವ ಆಸೆಯ ಬೆಲೆಯೂ ಸೇರಿತ್ತು.

ಬೇಲಿಯೇ ಎದ್ದು ಹೊಲ ಮೇಯಿತೆಂಬ ಗಾದೆ ಈ ಪ್ರಸಂಗಕ್ಕೆ ಪೂರ್ತಿ ಒಪ್ಪುವುದಿಲ್ಲ. ಲಂಚಕ್ಕೆ ಕೊಟ್ಟವನು, ತೆಗೆದುಕೊಂಡವನು, ದಿನಾಂಕ, ಮೊತ್ತ ಎಲ್ಲವೂ ಇರುತ್ತವೆ, ಹಿಡಿಯಬಹುದು. ನಾಳೆ ಸಿಗಬಹುದಾದ ಕುರ್ಚಿಯ ಆಸೆಯಿಂದ ಇಂದು ಕಡತದ ಮೇಲೆ ಬರೆಯದೆ ಬಿಟ್ಟ ಒಂದು ಆಕ್ಷೇಪಣೆಯನ್ನು ಯಾವ ಪೊಲೀಸು ಹಿಡಿದಾನು? ಬರೆದವನಿಗೂ ಅದರ ಅರಿವು ಪೂರ್ತಿ ಇರುವುದಿಲ್ಲ.

ನಮ್ಮ ಹಿರಿಯರಿಗೆ ಇದು ಹೊಳೆಯದಿರಲಿಲ್ಲ. ಮಹಾಲೇಖಪಾಲರು ನಿವೃತ್ತಿಯ ಬಳಿಕ ಸರ್ಕಾರದ ಯಾವ ಹುದ್ದೆಯನ್ನೂ ಸ್ವೀಕರಿಸಕೂಡದೆಂದು ಸಂವಿಧಾನದ 148ನೆಯ ವಿಧಿ ಹೇಳುತ್ತದೆ. ಸಂವಿಧಾನಕಾರರು ಹೆದರಿದ್ದು ಸರ್ಕಾರದ ಆಮಿಷಕ್ಕೆ. ಕಂಪನಿಯ ಆಮಿಷ ಆ ವಿಧಿಯ ಕಣ್ಣಿಗೆ ಬಿದ್ದಿಲ್ಲ. ಅದು ಕಂಡದ್ದು 1964ರಲ್ಲಿ ವರದಿ ಕೊಟ್ಟ ಸಂತಾನಂ ಸಮಿತಿಗೆ. ನಿವೃತ್ತ ಅಧಿಕಾರಿಗಳು ಖಾಸಗಿ ಉದ್ಯಮಗಳಿಗೆ ಸೇರುವುದನ್ನು ಅದು ಸ್ಪಷ್ಟವಾಗಿ ಆಕ್ಷೇಪಿಸಿತು.

ಇಂದಿನ ನಿಯಮವೇನು? ಕೇಂದ್ರದ ಮೇಲ್ದರ್ಜೆಯ ಅಧಿಕಾರಿ ನಿವೃತ್ತನಾದ ಒಂದು ವರ್ಷದೊಳಗೆ ವಾಣಿಜ್ಯ ಸಂಸ್ಥೆಗೆ ಸೇರಬೇಕಾದರೆ ಸರ್ಕಾರದ ಅನುಮತಿ ಬೇಕು. ಹಿಂದೆ ಈ ಅವಧಿ ಎರಡು ವರ್ಷವಿತ್ತು, ಅರ್ಧಕ್ಕಿಳಿಸಿದರು. ಅರ್ಜಿ ಹಾಕಿದ ಮೇಲೆ ಗೊತ್ತುಪಡಿಸಿದ ದಿನಗಳಲ್ಲಿ ಸರ್ಕಾರ ನಿರಾಕರಿಸದಿದ್ದರೆ ಅನುಮತಿ ದೊರೆತಂತೆಯೇ. ಸಾಮಾನ್ಯನ ಅರ್ಜಿಗೆ ವರ್ಷಗಟ್ಟಲೆ ಮೌನವಾಗಿರುವ ಕಚೇರಿಯ ಮೌನ ಇಲ್ಲಿ ಮಾತ್ರ ಸಮ್ಮತಿಯ ಲಕ್ಷಣವಾಗಿಬಿಡುತ್ತದೆ. ನಿಯಮ ಮೀರಿದರೆ ಶಿಕ್ಷೆ ಪಿಂಚಣಿಯ ತಡೆ. ತಿಂಗಳಿಗೆ ಪಿಂಚಣಿಯ ಹತ್ತುಪಟ್ಟು ಎಣಿಸುವವನಿಗೆ ಅದೊಂದು ಶಿಕ್ಷೆಯೆ? ಇನ್ನು ಮಂತ್ರಿಗಳಿಗೆ ಈ ನಿಯಮವೇ ಅನ್ವಯಿಸುವುದಿಲ್ಲ.

ಬಾಗಿಲಿನ ಇನ್ನೊಂದು ಮಗ್ಗುಲೂ ಇದೆ. 2018ರಿಂದ ಕೇಂದ್ರವು ಹೊರಗಿನ ಪರಿಣತರನ್ನು ನೇರವಾಗಿ ಜಂಟಿ ಕಾರ್ಯದರ್ಶಿಯಂಥ ಹುದ್ದೆಗಳಿಗೆ ಕರೆಯುತ್ತಿದೆ. 2024ರ ಆಗಸ್ಟಿನಲ್ಲಿ 45 ಹುದ್ದೆಗಳಿಗೆ ಹೊರಟ ಜಾಹೀರಾತು, ಮೀಸಲಾತಿ ಇಲ್ಲವೆಂಬ ಪ್ರತಿಭಟನೆಯಿಂದ ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋಯಿತು. ಆ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಅವಧಿ ಮುಗಿದ ಮೇಲೆ ಇವರು ಹಿಂದಿರುಗುವುದು ಯಾವ ಕಂಪನಿಗೆ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಹಿಂದೆ ಬಿತ್ತು.

ಹಾಗೆಂದು ಸರ್ಕಾರದಲ್ಲಿ ಗಳಿಸಿದ ಜ್ಞಾನವನ್ನು ನಿವೃತ್ತನು ಬಾವಿಗೆ ಹಾಕಬೇಕೆಂದು ನಾನು ವಾದಿಸುತ್ತಿಲ್ಲ. ದಾಭೋಲ್ ಒಪ್ಪಂದದ ಒಳಹೊರಗನ್ನು ಜನರ ಮುಂದಿಟ್ಟದ್ದು 2001ರಲ್ಲಿ ವರದಿ ನೀಡಿದ ಸಮಿತಿ. ಅದರ ಅಧ್ಯಕ್ಷರು ಮಾಧವ ಗೋಡಬೋಲೆ. ಕೇಂದ್ರದ ಗೃಹ ಕಾರ್ಯದರ್ಶಿಯಾಗಿದ್ದು 1993ರಲ್ಲಿ ತಾವಾಗಿ ಹುದ್ದೆ ತೊರೆದವರು. 2022ರಲ್ಲಿ ತೀರಿಕೊಳ್ಳುವ ವರೆಗೆ ನಮ್ಮ ಈ ಪುಣೆಯಲ್ಲೇ ಇದ್ದವರು. ಸಮಿತಿಯ ಸದಸ್ಯರಾಗಿದ್ದ ಇ. ಎ. ಎಸ್. ಶರ್ಮ ಕೇಂದ್ರದ ವಿದ್ಯುತ್ ಕಾರ್ಯದರ್ಶಿಯಾಗಿದ್ದವರು. ಕಡತ ಓದುವ ಕಲೆಯನ್ನು ಇವರೂ ಸರ್ಕಾರದಲ್ಲೇ ಕಲಿತದ್ದು. ಒಂದೊಂದು ಹಂತದಲ್ಲೂ, ಒಂದೊಂದು ಸರ್ಕಾರದಲ್ಲೂ ಆಡಳಿತ ಹೇಗೆ ಸೋತಿತೆಂದು ಆ ವರದಿ ಬಿಡಿಸಿ ತೋರಿಸಿತು. ಫಲವೇನಾಯಿತೆಂದು ಕೇಳಬೇಡಿ. ಸುಪ್ರೀಂ ಕೋರ್ಟಿನಲ್ಲಿ ಉಳಿದಿದ್ದ ಪ್ರಕರಣವೂ ಕಾಲ ಬಹಳ ಸಂದಿತೆಂಬ ಕಾರಣದಿಂದ 2019ರಲ್ಲಿ ಮುಕ್ತಾಯವಾಯಿತು. ಸ್ಥಾವರ ಈಗ ಸಾರ್ವಜನಿಕ ವಲಯದ ಹೆಗಲ ಮೇಲಿದೆ.

ಬಂಧುಗಳೆ, ಈ ಸಭೆಯಲ್ಲಿ ಕೇಂದ್ರ ಸರ್ಕಾರದ ಕಚೇರಿಗಳಿಂದ ನಿವೃತ್ತರಾದವರಿದ್ದೀರಿ, ಬ್ಯಾಂಕಿನವರಿದ್ದೀರಿ. ನಿಮ್ಮ ಮಕ್ಕಳು ಕೆಲವರು ದೊಡ್ಡ ಕಂಪನಿಗಳಲ್ಲಿ ‘ಪಬ್ಲಿಕ್ ಪಾಲಿಸಿ’ ಎಂಬ ಹೊಸ ಹೆಸರಿನ ವಿಭಾಗದಲ್ಲಿ ಒಳ್ಳೆಯ ಸಂಬಳಕ್ಕಿದ್ದಾರೆ. ಅವರಾರನ್ನೂ ನೋಯಿಸುವುದು ನನ್ನ ಉದ್ದೇಶವಲ್ಲ. ಯಾರು, ಯಾರ ಪರವಾಗಿ, ಯಾವ ಅಧಿಕಾರಿಯನ್ನು ಕಂಡರೆಂಬುದು ಒಂದು ಪುಸ್ತಕದಲ್ಲಿ ದಾಖಲಾಗಲಿ, ಆ ಪುಸ್ತಕ ಎಲ್ಲರ ಕೈಗೂ ಸಿಗಲಿ ಎಂದಷ್ಟೇ ಕೇಳುತ್ತಿದ್ದೇನೆ. ಪ್ರಾಮಾಣಿಕವಾಗಿ ದುಡಿಯುವ ಹುಡುಗರಿಗೆ ಅದರಿಂದ ಒಳಿತೇ.

ಕಾನೂನು ಬರುವ ವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮಾಹಿತಿ ಹಕ್ಕಿನ ಅರ್ಜಿಯೊಂದನ್ನು ಸಿದ್ಧಪಡಿಸಿ ತಂದಿದ್ದೇನೆ. ಕಳೆದ ಹತ್ತು ವರ್ಷಗಳಲ್ಲಿ ನಿವೃತ್ತಿಯ ನಂತರದ ಉದ್ಯೋಗಕ್ಕಾಗಿ ಎಷ್ಟು ಅರ್ಜಿಗಳು ಬಂದವು, ಎಷ್ಟನ್ನು ನಿರಾಕರಿಸಲಾಯಿತು, ಉತ್ತರವಿಲ್ಲದ ಮೌನದಿಂದಲೇ ಮಂಜೂರಾದವು ಎಷ್ಟು ಎಂದು ಕೇಂದ್ರ ಸಿಬ್ಬಂದಿ ಇಲಾಖೆಯನ್ನು ಅದರಲ್ಲಿ ಕೇಳಿದೆ. ಹೆಸರುಗಳನ್ನು ಕೇಳಿಲ್ಲ, ಕೇಳಿದರೆ ವೈಯಕ್ತಿಕ ಮಾಹಿತಿಯೆಂದು ತಳ್ಳಿಹಾಕುತ್ತಾರೆ. ಸಂಖ್ಯೆಗಳನ್ನಷ್ಟೇ ಕೇಳಿದೆ. ಪ್ರತಿಗಳು ಕಾರ್ಯದರ್ಶಿಗಳ ಬಳಿ ಇವೆ. ಒಬ್ಬೊಬ್ಬರೂ ತಮ್ಮ ಹೆಸರಿನಲ್ಲೇ ಕಳುಹಿಸಬೇಕು. ಶುಲ್ಕ ಹತ್ತು ರೂಪಾಯಿ. ಬಂದ ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ಹಾಕಲು ಸಂಪಾದಕರು ಒಪ್ಪಿದ್ದಾರೆ.