ಗಾಜಿನ ತೊಟ್ಟಿಯಲ್ಲಿ ನಮ್ಮ ಕೆರೆ ಮೀನು



ಹೋದ ವಾರ ಇದೇ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ನನ್ನನ್ನು ಕೇಳಿದರು. "ಮೇಷ್ಟ್ರೆ, ನಿಮ್ಮ ಮನೇಲಿ ಗಾಜಿನ ತೊಟ್ಟಿ ಇದೆಯಂತೆ. ಅದರಲ್ಲಿ ಬಣ್ಣದ ಮೀನು ಇಲ್ಲವಂತೆ. ಸಾರಿಗೆ ಹಾಕೋ ಪಕ್ಕೆ ಮೀನು ಬಿಟ್ಟಿದ್ದೀರಂತೆ. ಯಾಕೆ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಇವತ್ತು ಉತ್ತರ ಹೇಳುತ್ತೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಆಗ ನಾನು ತುಮಕೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆ. ತೊಟ್ಟಿ ತಂದ ದಿನವೇ ನಲ್ಲಿ ನೀರು ತುಂಬಿಸಿದೆ. ಕುಣಿಗಲ್ ದೊಡ್ಡಕೆರೆಯಲ್ಲಿ ಬಲೆ ಹಾಕುವ ಹಿರಿಯರೊಬ್ಬರು ಹತ್ತು ಪಕ್ಕೆ ಕೊಟ್ಟಿದ್ದರು. ಡಬ್ಬದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದು, ಸಂಜೆಯೇ ತೊಟ್ಟಿಗೆ ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಏಳು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನನ್ನ ಮಗಳು ಅವತ್ತು ಊಟ ಮಾಡಲಿಲ್ಲ.

ಹಿರಿಯರ ಹತ್ತಿರ ಹೋಗಿ ಹೇಳಿದೆ. ಅವರು ಒಂದೇ ಮಾತು ಕೇಳಿದರು. "ನೀರಿನ ವಾಸನೆ ನೋಡಿದ್ರಾ ಮೇಷ್ಟ್ರೆ?"

ನೋಡಿರಲಿಲ್ಲ. ತುಮಕೂರಿಗೆ ಹೇಮಾವತಿ ನಾಲೆಯ ನೀರು ಬುಗುಡನಹಳ್ಳಿ ಕೆರೆಗೆ ಬರುತ್ತೆ. ಅದನ್ನು ಶುದ್ಧಮಾಡಿ ನಲ್ಲಿಗೆ ಬಿಡುತ್ತಾರೆ. ರೋಗಾಣು ಸಾಯಲಿ ಅಂತ ಕ್ಲೋರಿನ್ ಹಾಕುತ್ತಾರೆ. ನಮಗೆ ಅದು ಒಳ್ಳೆಯದೇ. ಆದರೆ ಮೀನು ಉಸಿರಾಡುವುದು ಕಿವಿರಿನಿಂದ. ಕ್ಲೋರಿನ್ ಆ ಕಿವಿರನ್ನೇ ಸುಡುತ್ತೆ. ನಲ್ಲಿ ನೀರನ್ನು ಬಾಯಿ ಅಗಲವಾದ ಪಾತ್ರೆಯಲ್ಲಿ ಎರಡು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತೆ. ಬೋರಿನ ನೀರಾದರೆ ಒಂದು ಬಿಂದಿಗೆಯಿಂದ ಇನ್ನೊಂದಕ್ಕೆ ಎತ್ತರದಿಂದ ನಾಲ್ಕಾರು ಸಲ ಸುರಿಯಿರಿ. ನೀರಿಗೆ ಗಾಳಿ ಸೇರುತ್ತೆ.

ಈಗ ಒಂದು ಲೆಕ್ಕ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಅನ್ನಿ. ಮೇಲೆ ಎರಡು ಇಂಚು ಬಿಟ್ಟು ತುಂಬಿಸಿದರೆ ಸುಮಾರು 47 ಲೀಟರ್ ನೀರು. 15 ಲೀಟರಿನ ಬಿಂದಿಗೆಯಾದರೆ ಮೂರು ಬಿಂದಿಗೆ. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತೆ. ಅಂದರೆ ನೀರೇ 47 ಕೆ.ಜಿ. ಮರಳು, ಗಾಜಿನ ಭಾರ ಬೇರೆ. ಅಲ್ಲಾಡುವ ಮೇಜಿನ ಮೇಲೆ ಇಟ್ಟರೆ ಏನಾದೀತು, ನೀವೇ ಯೋಚಿಸಿ. ಕಲ್ಲಿನ ಜಗಲಿ ವಾಸಿ. ನೇರ ಬಿಸಿಲು ಬೀಳಬಾರದು, ಬೆಳಕು ಬೀಳಬೇಕು. ಗಾಜಿಗೆ ದುಡ್ಡಿಲ್ಲದಿದ್ದರೆ ಸಿಮೆಂಟ್ ತೊಟ್ಟಿಯೂ ಆದೀತು. ಪಕ್ಕದಿಂದ ನೋಡಲು ಆಗುವುದಿಲ್ಲ, ಅಷ್ಟೆ.

ಎರಡನೇ ಸಲ ನೀರು ಸರಿಯಾಗಿತ್ತು. ಆದರೂ ಮೀನು ಸೊರಗಿದವು. ಯಾಕೆ ಗೊತ್ತಾ? ಮೀನಿನ ಹೇಲು ಉಚ್ಚೆ, ತಿನ್ನದೆ ಬಿಟ್ಟ ತಿಂಡಿ ಎಲ್ಲ ನೀರಿನಲ್ಲೇ ಕೊಳೆಯುತ್ತೆ. ಅದರಿಂದ ಅಮೋನಿಯ ಅನ್ನುವ ವಿಷ ಹುಟ್ಟುತ್ತೆ. ಕೆರೆಯ ಮರಳಿನಲ್ಲಿ, ಕಲ್ಲಿನ ಮೇಲೆ ಕಣ್ಣಿಗೆ ಕಾಣದ ಜೀವಾಣುಗಳು ಇರುತ್ತವೆ. ಅವು ಆ ವಿಷವನ್ನು ತಿಂದು ಮುಗಿಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ಇರುವುದಿಲ್ಲ. ಬೆಳೆಯಲು ಒಂದು ತಿಂಗಳಾದರೂ ಬೇಕು. ನೀವು ಹಾಲಿಗೆ ಹೆಪ್ಪು ಹಾಕುತ್ತೀರಲ್ಲ, ಹಾಗೇ ಹಳೇ ತೊಟ್ಟಿಯ ಒಂದು ಹಿಡಿ ಮರಳನ್ನು ಹೊಸ ತೊಟ್ಟಿಗೆ ಹಾಕಬೇಕು. ಮೊದಲ ತಿಂಗಳು ಎರಡೇ ಮೀನು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ತಿಂಡಿ. ಅನ್ನ, ಪುರಿ ಬೇಡವೇ ಬೇಡ. ವಾರಕ್ಕೊಂದು ಸಲ ಕಾಲುಭಾಗ ನೀರು ಬದಲಾಯಿಸಿ. ತೊಟ್ಟಿ ಹೊಳೆಯಲಿ ಅಂತ ಮರಳನ್ನೆಲ್ಲ ಸೋಪು ಹಾಕಿ ತೊಳೆದಿರೋ, ಹೆಪ್ಪನ್ನೇ ಚೆಲ್ಲಿದ ಹಾಗೆ.

ಯಾವ ಮೀನು ಬಿಡಬಹುದು? ಪಕ್ಕೆ ಗುಂಪಿನಲ್ಲಿ ಬದುಕುವ ಮೀನು. ಒಂದೇ ಬಿಟ್ಟರೆ ಮೂಲೆ ಸೇರುತ್ತೆ. ತೊಟ್ಟಿ ಹದಕ್ಕೆ ಬಂದ ಮೇಲೆ ಐದಾರು ಇರಲಿ. ಇನ್ನೊಂದು ಮೀನಿನ ಮೈ ಗಾಜಿನ ಹಾಗಿರುತ್ತೆ. ಒಳಗಿನ ಮುಳ್ಳು ಎಣಿಸಬಹುದು! ಮಕ್ಕಳು ಮೊದಲು ನೋಡುವುದು ಅದನ್ನೇ. ಪಂಚಾಕ್ಸ್ ಅನ್ನುವ ಪುಟ್ಟ ಮೀನು ನೀರಿನ ಮೇಲ್ಭಾಗದಲ್ಲೇ ಓಡಾಡುತ್ತೆ, ಸೊಳ್ಳೆ ಮರಿ ಹಿಡಿದು ತಿನ್ನುತ್ತೆ. 2006ರಲ್ಲಿ ಚಿಕುನ್‌ಗುನ್ಯಾ ಬಂದು ನಮ್ಮ ಜಿಲ್ಲೆಯ ಊರೂರು ಮಲಗಿದ್ದು ನಿಮಗೆ ನೆನಪಿರಬೇಕು. ಮೀನಿರುವ ತೊಟ್ಟಿಯಲ್ಲಿ ಸೊಳ್ಳೆ ಮರಿ ಉಳಿಯುವುದು ಕಷ್ಟ. ಮೀನು ಸತ್ತು ನೀರು ಹಾಗೇ ನಿಂತರೆ ಮಾತ್ರ ಅದೇ ಸೊಳ್ಳೆಯ ಮನೆ. ಸಾಕಲು ಆಗದಿದ್ದರೆ ತೊಟ್ಟಿಯನ್ನು ಒಣಗಿಸಿ ಬೋರಲು ಹಾಕಿ. ಕೊರವ ಮೀನಿನ ಮರಿ ಮುದ್ದಾಗಿದೆ ಅಂತ ತರಬೇಡಿ. ಉಳಿದವನ್ನೆಲ್ಲ ನುಂಗಿ, ತೋಳುದ್ದ ಬೆಳೆದು, ಹೊರಗೆ ಹಾರುತ್ತೆ.

ಕೆರೆಗೆ ಇಳಿಯುವ ಮುಂಚೆ ಕೇಳಿ. ಎಷ್ಟೋ ಕೆರೆಗಳಲ್ಲಿ ಮೀನಿನ ಹಕ್ಕನ್ನು ಮೀನುಗಾರರ ಸಹಕಾರ ಸಂಘ ಗುತ್ತಿಗೆಗೆ ಹಿಡಿದಿರುತ್ತೆ. ಬಲೆಗೆ ಬಿದ್ದ ನಾಲ್ಕು ಪಕ್ಕೆ ಕೊಡಿ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ.

ಈಗ ಬಣ್ಣದ ಮೀನು ಯಾಕಿಲ್ಲ ಅನ್ನುವ ಮಾತಿಗೆ ಬರುತ್ತೇನೆ. ಅಂಗಡಿಯವರೊಬ್ಬರು ನನಗೆ ಸಕರ್ ಮೀನು ಕೊಟ್ಟಿದ್ದರು. ತೊಟ್ಟಿಯ ಪಾಚಿ ತಿನ್ನುತ್ತೆ, ತೊಳೆಯುವುದೇ ಬೇಡ ಅಂದರು. ಬೆರಳುದ್ದ ಇತ್ತು. ನೋಡನೋಡುತ್ತ ಗೇಣುದ್ದ ಆಯಿತು. ತೊಟ್ಟಿಯಲ್ಲಿ ತಿರುಗಲು ಜಾಗವಿಲ್ಲ. ಪಾಪ, ಅಮಾನಿಕೆರೆಗೆ ಬಿಟ್ಟುಬಿಡೋಣ ಅಂದುಕೊಂಡೆ. ಬಕೆಟ್ಟೂ ತಂದಿದ್ದೆ. ಮಾತಿಗೆ ಹೇಳಿದಾಗ ಕುಣಿಗಲ್ ಹಿರಿಯರು ಸಿಟ್ಟಾದರು. "ಪುಣ್ಯ ಅಂದ್ಕೊಂಡ್ರಾ? ಅದರ ಮೈಯೆಲ್ಲ ಮುಳ್ಳು. ಬಲೆಗೆ ಸಿಕ್ಕಿದರೆ ಬಲೆಯೇ ಹೋಯಿತು. ಕೊಳ್ಳೋರೂ ಇಲ್ಲ."

ಅವರು ಹೇಳಿದ್ದು ನಿಜ. ಅದು ದಕ್ಷಿಣ ಅಮೆರಿಕದ ಮೀನು. ಜನ ಹೀಗೇ ಕನಿಕರಪಟ್ಟು ಬಿಟ್ಟಿದ್ದರಿಂದ ದಕ್ಷಿಣ ಭಾರತದ ಎಷ್ಟೋ ಕೆರೆಗಳಲ್ಲಿ ಸೇರಿಕೊಂಡಿದೆ. ಜಿಲೇಬಿ ಮೀನು ನಿಮಗೆಲ್ಲ ಗೊತ್ತು. ಅದೂ ನಮ್ಮದಲ್ಲ, ಆಫ್ರಿಕಾದ್ದು. 1952ರಲ್ಲಿ ಭಾರತಕ್ಕೆ ತಂದರು. ಮರಿಗಳನ್ನು ಬಾಯೊಳಗೆ ಇಟ್ಟು ಕಾಯುತ್ತೆ, ಬೇಗ ಬೇಗ ಹೆಚ್ಚುತ್ತೆ. ಇವತ್ತು ಅದಿಲ್ಲದ ಕೆರೆ ಹುಡುಕಬೇಕು.

ಒಂದು ಕೆರೆಗೆ ಬಿಟ್ಟರೆ ಅಲ್ಲೇ ಇರುತ್ತೆ ಅನ್ನಬೇಡಿ. ಶಿಂಷಾ ನದಿ ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುತ್ತೆ. ಗುಬ್ಬಿ ತಾಲ್ಲೂಕಿನ ಕಡಬ ಕೆರೆ ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಬರುತ್ತೆ. ಕೊನೆಗೆ ಕಾವೇರಿ ಸೇರುತ್ತೆ. ಗುಬ್ಬಿಯಲ್ಲಿ ಬಿಟ್ಟ ಮೀನಿನ ಮರಿ ಕೋಡಿ ಬಿದ್ದ ವರ್ಷ ಕುಣಿಗಲ್ಲಿನವರ ಬಲೆ ಹರಿಯಬಹುದು.

ನನ್ನ ಸಕರ್ ಮೀನನ್ನು ದೊಡ್ಡ ತೊಟ್ಟಿ ಇರುವ ಗೆಳೆಯರೊಬ್ಬರು ಇಟ್ಟುಕೊಂಡರು. ಈಗ ಮೊಳದುದ್ದ ಇದೆಯಂತೆ. ನನ್ನ ತೊಟ್ಟಿಯಲ್ಲಿ ಆರು ಪಕ್ಕೆ, ನಾಲ್ಕು ಗಾಜು ಮೀನು ಇವೆ. ತೊಟ್ಟಿ ಇಡಬೇಕು ಅನ್ನುವವರು ಶನಿವಾರ ಸಂಜೆ ಮನೆಗೆ ಬನ್ನಿ. ಮುಚ್ಚಳ ಇರುವ ಡಬ್ಬ ತನ್ನಿ. ಹೆಪ್ಪಿಗೆ ಒಂದು ಹಿಡಿ ಮರಳು ಕೊಡುತ್ತೇನೆ. ಮೀನನ್ನು ಮಾತ್ರ ಇನ್ನೆರಡು ದಿನ ಬಿಟ್ಟು ಕೇಳಿ, ಮೊದಲು ನೀರು ಹಿಡಿದಿಡಿ.